ಹಳದಿ ಚಿತ್ತಾರದ ಹುಡುಗಿ

ಅರಬರ ನಾಡಿನ ಅಲ್ ಮಬೇಲಾ ಎಂಬ ಊರಿನ ಒಂದು ಕಾರ್ಪೆಟ್ ತೊಳೆಯುವ ವರ್ಕ್‌ಶಾಪಿನಲ್ಲಿ ನನಗೆ ಕೆಲಸ. ಒಮ್ಮೆ ಮೊರೊಕ್ಕೊದ ಅಮಾಝಿಗ್ ಬುಡಕಟ್ಟಿನ ಹೆಂಗಸರು ಕೈಯಲ್ಲೇ ನೇಯುವ ಉಣ್ಣೆಯ ಕಂಬಳಿಯೊಂದು ಬಂತು. ಮೈತುಂಬ ಕೆಂಪು ಚಿತ್ತಾರ, ಮೂಲೆಯದೊಂದು ಮಾತ್ರ ಹಳದಿ. ಬಣ್ಣ ಹೋಗಿದೆ, ಸರಿಮಾಡಿಕೊಟ್ಟರೆ ಗಿರಾಕಿಗೆ ಖುಷಿಯಾದೀತು ಎಂದು ಕೆಂಪು ಬಣ್ಣ ಕಲಸಿ ಬ್ರಶ್ ಅದ್ದಿದೆ.

"ಲಾ! ಲಾ!"

ಕಂಬಳಿ ಒಯ್ಯಲು ಬಂದ ಮೊರೊಕ್ಕೊದ ಟೀಚರಮ್ಮ ಅರಬಿಯಲ್ಲಿ "ಬೇಡ, ಬೇಡ" ಎಂದು ಕೂಗುತ್ತ ಓಡಿಬಂದು ನನ್ನ ಕೈ ಹಿಡಿದೇಬಿಟ್ಟರು. ಬಣ್ಣವೆಲ್ಲ ನನ್ನ ಅಂಗಿಗೆ!

ಅರಬಿ, ಇಂಗ್ಲಿಷ್ ಬೆರೆಸಿ ಅವರು ಹೇಳಿದರು: "ಅಮ್ಮ ಇದನ್ನು ನೇಯುತ್ತಿರುವಾಗಲೇ ನಾನು ಹುಟ್ಟಿದ್ದು. ಆ ವಾರ ಹಳದಿ ಉಣ್ಣೆ ಹಾಕಿದರು. ಇದು ನಾನು! ಮುಂದೆ ಗೆರೆ ವಾಲಿದೆ ನೋಡಿ, ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೇಯ್ದದ್ದು."

ನಾನು ನೆಲದಲ್ಲೇ ಕುಳಿತು ಆ ಗೆರೆಯ ಮೇಲೆ ಬೆರಳಾಡಿಸಿದೆ. ನಾಲ್ಕು ಸಾಲು ದಾಟಿದ ಮೇಲೆ ಗೆರೆ ಮತ್ತೆ ನೆಟ್ಟಗಾಗಿತ್ತು. "ಮಗು ನಿದ್ದೆಹೋಯಿತು!" ಎಂದು ನಾನೇ ಕೂಗಿದೆ. ಟೀಚರಮ್ಮ ಕಣ್ಣೊರೆಸಿಕೊಂಡು ನಕ್ಕರು.

ಈಗ ಯಾವ ಕಲೆ ಕಂಡರೂ ಮೊದಲು ಗಿರಾಕಿಗೆ ಫೋನ್ ಮಾಡಿ ಅದರ ಕತೆ ಕೇಳುತ್ತೇನೆ. ಮೊನ್ನೆ ರೂವಿ ಪೇಟೆಯ ಬ್ಯಾರಿ ಅಂಗಡಿಯವರೊಬ್ಬರು, "ಕತೆ ಎಂಥದು ಮಾರಾಯಾ, ಚಾ ಚೆಲ್ಲಿದ್ದು!" ಎಂದು ಫೋನಿಟ್ಟರು.