ಟವರಿಗೆ ಹಿಡಿದ ಸಾಲು

ತಾಂಡವಪುರದ ಮಂಚಮ್ಮ ಜಗಳಕ್ಕೆ ನಿಂತರೆ ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಳ್ಳುತ್ತದೆ. ಅಂಥ ಬಾಯಿಗೆ ಒಬ್ಬಳೇ ಮಗಳು ರೋಜಾಳ ಮುಂದೆ ಮಾತ್ರ ಕೆಲಸವಿಲ್ಲ. ರೋಜಾಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಅವ್ವ ಮಗಳದು ಎಲ್ಲ ಕೈಮಾತು. ಅಕ್ಷರ ಇಬ್ಬರಿಗೂ ದೂರ. ರೋಜಾ ತಮಿಳುನಾಡಿನ ಗಾರ್ಮೆಂಟ್ಸಿಗೆ ಸೇರಿದ ಮೇಲೆ ಆ ಕೈಮಾತೂ ವಾರಕ್ಕೆ ಹತ್ತು ನಿಮಿಷಕ್ಕೆ ಇಳಿಯಿತು. ಭಾನುವಾರ ಸಂಜೆ ಆರಕ್ಕೆ ಹಾಸ್ಟೆಲಿನ ವಾರ್ಡನ್ ಫೋನು ಕೊಡುತ್ತಾಳೆ, ವಿಡಿಯೊ ಕಾಲ್ ಬರುತ್ತದೆ. ಹೋಗಿ ನೋಡೋಣವೆಂದರೆ ಆರು ತಿಂಗಳು ಯಾರನ್ನೂ ಗೇಟಿನೊಳಗೆ ಬಿಡುವುದಿಲ್ಲವಂತೆ.

ಒಂದು ಭಾನುವಾರ ರೋಜಾ ಅಳುತ್ತಾ ಏನೋ ಹೇಳತೊಡಗಿದಳು. ಎದೆ ಮುಟ್ಟಿಕೊಂಡಳು, ಯಾರನ್ನೋ ಬೆರಳು ಮಾಡಿ ತೋರಿಸಿದಳು. ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ಮಂಚಮ್ಮ ಫೋನು ಹಿಡಿದುಕೊಂಡೇ ರೀಚಾರ್ಜ್ ಅಂಗಡಿಯ ನಂಜೇಶನ ಬಳಿ ಓಡಿದಳು.

“ಭಾನುವಾರ ಸಂಜೆ ಊರೆಲ್ಲ ಫೋನಲ್ಲಿ ಮ್ಯಾಚ್ ನೋಡ್ತಾ ಕೂತಿರ್ತದೆ ಕಣವ್ವ, ಟವರ್ ತುಂಬೋಯ್ತದೆ,” ಎಂದ ನಂಜೇಶ. “ಆಗ ಕಂಪ್ನಿಯೋರು ದೊಡ್ಡ ಪ್ಯಾಕ್‌ನೋರಿಗೆ ಮೊದ್ಲು ಬುಡ್ತಾರೆ. ನಿಂದು ಚಿಕ್ಕ ಪ್ಯಾಕು, ಸಾಲಲ್ಲಿ ಹಿಂದೆ.”

“ಸಾಲಾ? ಅಂಗಾದ್ರೆ ಮುಂಚೇನೇ ಓಗಿ ನಿಂತ್ಕತೀನಿ ಬುಡಪ್ಪ!”

ತಮಾಷೆಯೆಂದು ಅವನು ನಕ್ಕ. ಪಾಪ, ಅವಳಿಗೆ ಗೊತ್ತಿದ್ದದ್ದು ನಲ್ಲಿಯ ಸಾಲು. ನೀರು ಬಿಡುವ ಮೊದಲೇ ಕೊಡ ಇಟ್ಟವಳ ಜಾಗವನ್ನು ಪಂಚಾಯ್ತಿ ಮೆಂಬರ್ ಹೆಂಡತಿ ಬಂದರೂ ಕದಲಿಸುವಂತಿಲ್ಲ. ಮುಂದಿನ ಭಾನುವಾರ ಮೂರು ಗಂಟೆಗೇ ಡೇಟಾ ಹಾಕಿ, ಯಾವುದೋ ವಿಡಿಯೊ ಓಡಲು ಬಿಟ್ಟು, ಫೋನನ್ನು ಕಿಟಕಿಯಲ್ಲಿಟ್ಟು ಕಾವಲು ಕೂತಳು. ಐದೂವರೆಗೆ ಆ ದಿನದ ಡೇಟಾ ಪೂರಾ ಖಾಲಿಯಾಗಿ ನೆಟ್ಟು ತೆವಳತೊಡಗಿತು. ಮೆಸೇಜೇನೋ ಬಂತು, ಓದುವವರು ಯಾರು?

ಆರಕ್ಕೆ ಕಾಲ್ ಬಂದಾಗ ತೆರೆಯ ಮೇಲೆ ಬರೀ ಚೌಕ ಚೌಕ ಬಣ್ಣ. ಹತ್ತು ನಿಮಿಷವೂ ಮಂಚಮ್ಮ “ಮಗಾ, ಮಗಾ” ಎಂದು ಕೇಳದ ಕಿವಿಗೆ ಕೂಗಿದಳು.

“ಅಯ್ಯೋ ಅವ್ವ, ಇಲ್ಲಿ ಜಾಗ ಹಿಡಿಯೋಕಾಗಲ್ಲ! ಇದ್ದುದ್ನೂ ಸುರ್ದುಬುಟ್ಯಲ್ಲ,” ಎಂದು ಅಂಗಡಿಯಲ್ಲಿ ಎಲ್ಲ ಕೇಳಿಸಿಕೊಂಡ ನಂಜೇಶ ಹಣೆ ಚಚ್ಚಿಕೊಂಡ. ಮಂಚಮ್ಮ ಅಲ್ಲೇ ದೊಡ್ಡ ಪ್ಯಾಕ್ ಹಾಕಿಸಿಕೊಂಡಳು.

ಮರುವಾರ ಊರೆಲ್ಲ ಮ್ಯಾಚ್ ನೋಡುತ್ತಿದ್ದರೂ ಚಿತ್ರ ಎದುರಿಗೆ ಕೂತಷ್ಟು ಸ್ಪಷ್ಟವಾಗಿ ಬಂತು. ರೋಜಾ ಸೊರಗಿಹೋಗಿದ್ದಳು. ಅವಳ ಬೆನ್ನ ಹಿಂದೆ ಯಾರದೋ ಸೀರೆಯಂಚೂ ಕಾಣುತ್ತಿತ್ತು.

ಅವತ್ತು ಏನು ಹೇಳಿದೆ ಎಂದು ಮಂಚಮ್ಮ ಕೈಯಾಡಿಸಿ ಕೇಳಿದಳು, ಮತ್ತೆ ಮತ್ತೆ ಕೇಳಿದಳು. ರೋಜಾ ಆ ಸೀರೆಯತ್ತ ಕಣ್ಣು ಹೊರಳಿಸಿ, ಊಟವಾಯಿತು ಎಂದಷ್ಟೇ ತೋರಿಸಿದಳು. ಆಮೇಲೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವ್ವನನ್ನೇ ನೋಡುತ್ತಾ ಕೂತಳು. ಉಳಿದ ಎಂಟು ನಿಮಿಷ ಆ ಕೈಗಳು ಮೇಲೇಳಲಿಲ್ಲ.