ಮಿಲಿಟ್ರಿಯವರು ಗೇಟಿನಲ್ಲೇ ನಿಲ್ಲಬೇಕಾ?

"ಸ್ವಲ್ಪ ಈ ಕಾರು ಪಾರ್ಕ್ ಮಾಡಿಸ್ತೀರಾ?" ಎಂದು ಕೀ ಚಾಚಿದೆ.

ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ ಮನುಷ್ಯ ಕೀ ಮುಟ್ಟಲಿಲ್ಲ. ನೆಟ್ಟಗಿನ ನಿಲುವು, ದಪ್ಪ ಮೀಸೆ, ಸಣ್ಣಗೆ ಕತ್ತರಿಸಿದ ಕೂದಲು. ಸೆಕ್ಯುರಿಟಿ ಅಲ್ಲದೆ ಇನ್ನೇನು ಅಂದುಕೊಳ್ಳಲಿ?

"ಪಾರ್ಕಿಂಗ್ ಹಿಂದ್ಗಡೆ ಇದೆ ಮೇಡಂ. ನಾನು ಸ್ಟಾಫ್ ನರ್ಸ್. ಅಮ್ಮನ್ನ ಒಳಗೆ ಕರ್ಕೊಂಡು ಹೋಗೋಕೆ ಬಂದಿದೀನಿ" ಎಂದು ಕಾರಿನಲ್ಲಿದ್ದ ಅತ್ತೆಯ ಕಡೆಗೆ ವೀಲ್‌ಚೇರ್ ಮುಂದೆ ತಳ್ಳಿದರು.

ನಾನು ನೆಟ್ಟಗೆ ಒಂದು ಕ್ಷಮೆ ಕೂಡ ಕೇಳಲಿಲ್ಲ. (ನಾಚಿಕೆಯಾದಾಗ ನನಗೆ ಕೋಪ ಬರುತ್ತದೆ. ಈ ಕಾಯಿಲೆಗೆ ಔಷಧಿ ಗೊತ್ತಿದ್ದವರು ತಿಳಿಸಿ.)

ಕಳೆದ ವಾರ ನಮ್ಮ ಅತ್ತೆಗೆ ಮಂಡಿ ಆಪರೇಷನ್. ಭದ್ರಾವತಿಯ ಮನೆಯಿಂದ ಶಿವಮೊಗ್ಗದ ಆಸ್ಪತ್ರೆಗೆ ನನಗೆ ದಿನಾ ಓಡಾಟ. ಅತ್ತೆಯ ಪರಿಚಯ ನಿಮಗೆ ಇದ್ದೇ ಇದೆ, ಈ ಅಂಕಣದಲ್ಲಿ ಆಗಾಗ ಬಂದು ನನ್ನ ಮಾನ ಕಳೆಯುವವರು. ಮಾವ ಕಾರ್ಖಾನೆಯಲ್ಲಿ ಪಾಳಿ ಮೇಲೆ ದುಡಿದವರು. ಅವರಿಗೆ ಮನೆಯಲ್ಲಿ ಸೂಪರ್‌ವೈಸರ್ ಅತ್ತೆ.

ಆಪರೇಷನ್ ಆದ ಮಾರನೇ ದಿನ ಬೆಳಿಗ್ಗೆ ಆ ಮೀಸೆಯ ನರ್ಸ್ ವಾಕರ್ ಹಿಡಿದುಕೊಂಡು ಬಂದರು. ಅತ್ತೆ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡರು.

"ಗಂಡಸು ನನ್ನ ಕಾಲು ಮುಟ್ಟೋದೇನೇ? ಲೇಡಿ ನರ್ಸ್ ಇಲ್ವಾ ಇಲ್ಲಿ? ಹೋಗಿ ಹೇಳು ಮಾರಾಯ್ತಿ!"

ಮಂಡಿ ಕೊಯ್ದ ಡಾಕ್ಟರೂ ಗಂಡಸೇ. ಅದಕ್ಕೆ ಅತ್ತೆಯ ತಕರಾರು ಇರಲಿಲ್ಲ. ನನಗಾದರೂ ಆ ಮಾತು ಹೊಳೆಯಬೇಕಿತ್ತೋ ಇಲ್ಲವೋ? ಹೊಳೆಯಲಿಲ್ಲ. ನೇರ ಹೋಗಿ ವಾರ್ಡಿನ ಮೇಲ್ವಿಚಾರಕಿ ಸಿಸ್ಟರ್‌ಗೆ ಹೇಳಿದೆ. "ಬರೆದುಕೊಡಿ" ಎಂದರು. ಎರಡು ಸಾಲು ಸಾಕಿತ್ತು, ನಾನು ಒಂದು ಪುಟ ಬರೆದೆ. (ಚಟ ನೋಡಿ.)

ಮಧ್ಯಾಹ್ನ ಊಟದ ಡಬ್ಬಿ ತೊಳೆದುಕೊಂಡು ಬರುವಾಗ ಅದೇ ಸಿಸ್ಟರ್ ದನಿ ಕೇಳಿತು.

"ನಾಗರಾಜ್, ಇದು ಮೂರನೇ ಕಂಪ್ಲೇಂಟ್. ಗೇಟಿಗೆ ಸೆಕ್ಯುರಿಟಿ ಸೂಪರ್‌ವೈಸರ್ ಬೇಕಂತೆ. ನೀವು ಮಿಲಿಟ್ರಿಯವರು, ನಿಮಗೆ ಅದೇ ಸರಿಹೋಗುತ್ತೆ ಅಂತಿದಾರೆ ಮ್ಯಾನೇಜರ್. ಪ್ರೊಬೇಷನ್ ಮುಗಿಯೋಕೆ ಇನ್ನೊಂದೇ ವಾರ. ಯೋಚ್ನೆ ಮಾಡಿ."

"ಯೋಚ್ನೆ ಮಾಡಿಯೇ ಬಂದಿದೀನಿ ಸಿಸ್ಟರ್. ನಾನು ವಾರ್ಡ್ ಬಿಡಲ್ಲ."

ನನಗೆ ಚುರುಕ್ ಎಂದಿತು. ಆ ಮೂರನೇ ಕಂಪ್ಲೇಂಟು ನನ್ನದೇ ಅಲ್ಲವೇ? ಕಾರಿಡಾರಿನಲ್ಲಿ ಅವರನ್ನು ನಿಲ್ಲಿಸಿ ಮಾತಾಡಿಸಿದೆ.

ಊರು ಹೊಳಲೂರು. ಪಿಯುಸಿ ಮುಗಿಸಿ ಸೇನೆ ಸೇರಿದವರು, ಹದಿನೈದು ವರ್ಷ ಸೇವೆ. ವಾಪಸ್ ಬಂದ ಮೇಲೆ ಸಿಕ್ಕಿದವರೆಲ್ಲ ಹೇಳಿದ್ದು ಒಂದೇ, ಬ್ಯಾಂಕಿನಲ್ಲೋ ಎಟಿಎಂನಲ್ಲೋ ಗಾರ್ಡ್ ಆಗು ಅಂತ. ಇವರು ಮೂರು ವರ್ಷದ ನರ್ಸಿಂಗ್ ಕೋರ್ಸ್ ಸೇರಿದರು. ತರಗತಿಯಲ್ಲಿ ಹದಿನೆಂಟರ ಹುಡುಗಿಯರು ಇವರನ್ನು ಲೆಕ್ಚರರ್ ಎಂದುಕೊಂಡು ಎದ್ದು ನಿಂತಿದ್ದರಂತೆ.

"ಅದ್ಸರಿ, ನರ್ಸಿಂಗೇ ಯಾಕೆ?" ಎಂದೆ.

"ಅಲ್ಲಿ ಪೆಟ್ಟಾದವರನ್ನ ಸ್ಟ್ರೆಚರಲ್ಲಿ ಹೊತ್ಕೊಂಡು ಬರ್ತಿದ್ವಿ ಮೇಡಂ. ಆಸ್ಪತ್ರೆ ಬಾಗಿಲಲ್ಲಿ ಬಿಟ್ಟು ವಾಪಸ್ ಹೋಗ್ಬೇಕು. ಬಾಗಿಲು ಮುಚ್ಕೊಳ್ತಿತ್ತು. ಒಳಗೆ ಏನಾಯ್ತು, ಬದುಕಿದ್ನಾ ಇಲ್ವಾ, ಎಷ್ಟೋ ಸಲ ಗೊತ್ತೇ ಆಗ್ತಿರ್ಲಿಲ್ಲ. ಆಗ್ಲೇ ಅನ್ಕೊಂಡೆ, ಮುಂದೆ ಬಾಗಿಲ ಒಳಗಡೆ ಇರ್ತೀನಿ ಅಂತ. ಈಗ ಇವರು ಮತ್ತೆ ಹೊರಗೆ ನಿಲ್ಲು ಅಂತಿದಾರೆ."

ಅವರೇ ಮುಂದುವರಿಸಿದರು.

"ನನ್ನ ವಿಷಯ ಬಿಡಿ. ಅಮ್ಮ ಇವತ್ತು ಎದ್ದು ನಡೀಲಿಲ್ಲ ಅಂದ್ರೆ ಮಂಡಿ ಬಿಗಿದ್ಕೊಳ್ಳುತ್ತೆ. ಲೇಡಿ ಸ್ಟಾಫ್ ಈಗ ಐಸಿಯುನಲ್ಲಿದಾರೆ. ನೀವು ಬನ್ನಿ. ನಾನು ಹೇಳ್ಕೊಡ್ತೀನಿ, ನೀವು ಹಿಡ್ಕೊಳ್ಳಿ. ನಾನು ಮುಟ್ಟಲ್ಲ."

ಹಾಗೇ ಮಾಡಿದೆವು. ಸೊಸೆ ಹಿಡಿಯುವುದಕ್ಕೂ ಅತ್ತೆಯ ಆಕ್ಷೇಪ ಇದ್ದೇ ಇತ್ತು, ಆದರೆ ಅದು ಹಳೆಯದು. ನಾಗರಾಜ್ ಒಂದು ಮಾರು ದೂರ ನಿಂತು ಹೇಳುತ್ತಾ ಹೋದರು. ವಾಕರ್ ಮುಂದಿಡಿ. ಈಗ ನೋವಿರೋ ಕಾಲು. ಭಾರ ಕೈ ಮೇಲೆ ಬಿಡಿ. ಉಸಿರು ಕಟ್ಟಬೇಡಿ ಅಮ್ಮಾ.

ಒಂದು ಹೆಜ್ಜೆ, ಎರಡು ಹೆಜ್ಜೆ. ಮೂರನೆಯದಕ್ಕೆ ಅತ್ತೆಯ ಕಾಲು ಕುಸಿಯಿತು. ನಾನು "ಅಯ್ಯೋ" ಎಂದೆ, ಅಷ್ಟೇ ನನ್ನಿಂದಾದದ್ದು. ಅಷ್ಟರಲ್ಲಿ ನಾಗರಾಜ್ ಬೆನ್ನಿಗೆ ಒಂದು ಕೈ, ಮೊಣಕೈಗೆ ಒಂದು ಕೈ ಕೊಟ್ಟು ಅತ್ತೆಯನ್ನು ನಿಲ್ಲಿಸಿಯಾಗಿತ್ತು. ಮಂಡಿಗೆ ಏನೂ ಆಗಲಿಲ್ಲ.

"ಕ್ಷಮಿಸಿ ಅಮ್ಮಾ, ಮುಟ್ಟಬೇಕಾಯ್ತು. ಈಗ ಬಿಡ್ತೀನಿ" ಎಂದರು.

"ಬಿಡಬೇಡ ಮಾರಾಯ!" ಅತ್ತೆ ಎರಡೂ ಕೈಯಲ್ಲಿ ಅವರ ತೋಳು ಹಿಡಿದುಕೊಂಡಿದ್ದರು. "ಬಾತ್‌ರೂಮ್ ತನಕ ಹೀಗೇ ನಡಿ. ಇವಳನ್ನ ನಂಬಿದ್ರೆ ಇನ್ನೊಂದು ಮಂಡೀನೂ ಹೋಗುತ್ತೆ."

ಸಂಜೆ ನಾನು ಕಂಪ್ಲೇಂಟ್ ವಾಪಸ್ ಕೇಳಿದೆ. ಫೈಲಿಗೆ ಹೋಗಿದೆ, ಬರುವುದಿಲ್ಲ ಎಂದರು. ಅತ್ತೆ ಹಾಸಿಗೆಯಲ್ಲೇ ಕೂತು ನನ್ನಿಂದ ಇನ್ನೊಂದು ಪತ್ರ ಬರೆಸಿದರು. "ಒಂದು ಪುಟ ಬೇಡ ಕಣೇ, ನಾನು ಹೇಳಿದಷ್ಟೇ ಬರಿ: ನನ್ನನ್ನು ನಡೆಸಿದ್ದು ನಾಗರಾಜ. ಅವನು ವಾರ್ಡಿನಲ್ಲೇ ಇರಬೇಕು." ಸಹಿ ಅವರದೇ. ಇಷ್ಟು ವರ್ಷ ಅಂಕಣ ಬರೆದ ನನಗೆ ಇಷ್ಟು ನೇರವಾದ ಎರಡು ವಾಕ್ಯ ಬಂದಿದ್ದಿಲ್ಲ.

ಪತ್ರದಿಂದ ಪವಾಡವೇನೂ ಆಗಲಿಲ್ಲ. ಪ್ರೊಬೇಷನ್ ಮೂರು ತಿಂಗಳು ಮುಂದಕ್ಕೆ ಹೋಗಿದೆ, ಅಷ್ಟೇ. ಡಿಸ್ಚಾರ್ಜ್ ದಿನ ಕೇಳಿದೆ, ಆಮೇಲೂ ಗೇಟಿಗೇ ಹೋಗು ಅಂದರೆ?

"ಬೇರೆ ಆಸ್ಪತ್ರೆ ನೋಡ್ತೀನಿ ಮೇಡಂ. ಅಲ್ಲೂ ಗೇಟು ತೋರಿಸಿದ್ರೆ ಇನ್ನೊಂದು. ಕಲಿತಿರೋದು ಈ ಕೆಲ್ಸ, ಮಾಡೋದೂ ಇದೇ" ಎಂದು ಪಕ್ಕದ ಹಾಸಿಗೆಯ ಡ್ರಿಪ್ ಬದಲಿಸಲು ಹೋದರು. ದನಿಯಲ್ಲಿ ಬೇಸರವಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

ನಾವು ಸ್ವಾತಂತ್ರ್ಯ ದಿನಕ್ಕೆ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಯೋಧನಿಗೆ ಸೆಲ್ಯೂಟ್ ಹಾಕುವವರು. ಅದೇ ಯೋಧ ನಿವೃತ್ತನಾಗಿ ಬಂದರೆ ಒಂದು ಕುರ್ಚಿ, ಒಂದು ವಿಸಿಲ್ ಕೊಟ್ಟು ಗೇಟಿನಲ್ಲಿ ಕೂರಿಸುತ್ತೇವೆ. ಅವರಿಗೆ ಬೇರೆ ಆಸೆ ಇದೆಯಾ ಎಂದು ಕೇಳಿದವರು ಯಾರು? ಗಾರ್ಡ್ ಕೆಲಸ ಕೀಳು ಎನ್ನುತ್ತಿಲ್ಲ. ಬೇಡ ಎಂದವರಿಗೂ ಅದನ್ನೇ ಹೊರಿಸುವುದೇಕೆ ಎಂದು ಕೇಳುತ್ತಿದ್ದೇನೆ, ಮೊದಲು ನನ್ನನ್ನೇ.

ಹದಿನೈದು ವರ್ಷ ಇಡೀ ದೇಶವನ್ನೇ ಅವರ ಕೈಗೆ ಕೊಟ್ಟು ಗೊರಕೆ ಹೊಡೆದ ನಾವು, ಒಂದು ಮಂಡಿಯನ್ನು ಅವರ ಕೈಗೆ ಕೊಡಲು ಇಷ್ಟೊಂದು ಹಿಂದೆಮುಂದೆ ನೋಡುವುದೇಕೆ?