ಸುಮಿತ್ರಕ್ಕನ ಅಲರ್ಟು

ಸುಮಿತ್ರಕ್ಕನ ಗಂಟಲು ಕಾಸರಕೋಡಿನ ಮೀನುಪೇಟೆಯದು. ಹೊನ್ನಾವರದ ನಮ್ಮ ಆಫೀಸಿನ ಮಹಡಿಯಲ್ಲಿ ನಿಂತು ಫೋನಿನಲ್ಲಿ ಮಾತಾಡಿದರೆ ಕೆಳಗಿನ ಬಸ್ಸಿನಲ್ಲಿದ್ದವರೂ ತಲೆಯೆತ್ತಿ ನೋಡಬೇಕು. "ಫೋನ್ ಎಂತಕ್ಕೆ ಅಕ್ಕಾ? ಕಿಟಕಿ ತೆಗೆದ್ರೆ ಕುಮಟಾಕ್ಕೂ ಕೇಳ್ತದೆ" ಎಂದು ಕಾಡುತ್ತಿದ್ದೆ. "ಮೀನು ಮಾರೋಳ ಮಗಳು ನಾನು, ಕೂಗೂಕೆ ನಾಚಿಕೆ ಎಂತದೆ?" ಎನ್ನುತ್ತಿದ್ದಳು.

ಕಂಪನಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನಮ್ಮ ಕಸುಬು. ಗಿರಾಕಿಗಳನ್ನು ಹುಡುಕಿ ಅಲೆದು ಸಾಕಾಗಿ ಅವಳೇ ಒಂದು ಉಪಾಯ ಮಾಡಿದಳು. ಕಂಪನಿಗಳ ವೆಬ್‌ಸೈಟುಗಳ ಮೇಲೆ ಕಣ್ಣಿಡುವ ಸೇವೆಯೊಂದಿದೆ. ಅದರ ಎಪಿಐಗೆ, ಅಂದರೆ ಅಲ್ಲಿಂದ ಮಾಹಿತಿ ಪಡೆಯುವ ಕೊಂಡಿಗೆ, ನಮ್ಮ ಪ್ರೋಗ್ರಾಂ ಜೋಡಿಸಿದಳು. ಭಟ್ಕಳದಿಂದ ಮಿರ್ಜಾನದವರೆಗೆ ಯಾರ ಸೈಟಿನಲ್ಲಿ ಏನು ಬದಲಾದರೂ ನಮ್ಮ ಫೋನಿಗೆ ತಾನಾಗಿ ಅಲರ್ಟ್ ಬರುತ್ತಿತ್ತು. ಬಂದದ್ದೇ ತಡ, ಕೈಯಲ್ಲಿದ್ದ ಬನ್ಸ್ ತಟ್ಟೆಗೆ ಹಾಕಿ ಫೋನ್ ಎತ್ತುತ್ತಿದ್ದಳು.

ಆದರೂ ಆ ವರ್ಷ ಕೆಲಸ ಸೊರಗಿತು. ಚೌತಿಯೊಳಗೆ ದೊಡ್ಡ ಕೆಲಸವೊಂದು ಸಿಗದಿದ್ದರೆ ಆಫೀಸಿಗೆ ಬೀಗ ಹಾಕಿ ಗೋವಾಕ್ಕೆ ನೌಕರಿಗೆ ಹೋಗುವುದೇ ಎಂದು ಹೇಳಿಬಿಟ್ಟಿದ್ದಳು. ಆಗಲೇ ಅಲರ್ಟ್ ಬಂತು: ಮಿರ್ಜಾನದ ಗೋಡಂಬಿ ಕಂಪನಿ ತನ್ನ ಸೈಟಿನಿಂದ ಆರ್ಡರ್ ಪುಟ ತೆಗೆದಿದೆ, ಹೊಸದು ಬೇಕಾಗಬಹುದು, ಕೂಡಲೆ ಸಂಪರ್ಕಿಸಿ.

"ಹಚ್ಚಿ ಅಕ್ಕಾ ಫೋನು! ಮಂಗಳೂರಿನ ವೆಬ್‌ಸೈಟ್ ಕಂಪನಿಯವ್ರಿಗೂ ಈ ಅಲರ್ಟ್ ಹೋಗಿರ್ತದೆ" ಎಂದು ನಾನು ಕುಣಿದೆ.

ಅಕ್ಕ ಅಲುಗಲಿಲ್ಲ. "ಚೌತಿ ಎದುರಿಗೆ ಇಟ್ಕಂಡು ಯಾರಾದ್ರೂ ಅಂಗಡಿ ಬಾಗ್ಲು ಹಾಕ್ತಾರೇನೆ ಮಾರಾಯ್ತಿ? ಅಂಗಳದಲ್ಲಿ ರಂಗೋಲಿ ಕಾಣದಿದ್ರೆ ನಮ್ಮಮ್ಮ ಮೀನು ಅಂತ ಕೂಗ್ತಿರ್ಲಿಲ್ಲ. ಬುಟ್ಟಿ ದೂರ ಇಟ್ಟು, ಎಂತ ಆತು ಅಂತ ಕೇಳ್ತಿದ್ಲು."

ಫೋನ್ ಮಾಡಿದಳು. ಅಷ್ಟು ಮೆಲುದನಿ ಅವಳಲ್ಲಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಕಂಪನಿಯ ಯಜಮಾನರು ಹಿಂದಿನ ದಿನ ತೀರಿಹೋಗಿದ್ದರು. ಆ ಕಡೆ ಅವರ ಮಗಳು ಅಳುತ್ತಿದ್ದಳು, ಅಕ್ಕ ಕೇಳುತ್ತ ಕೂತಳು. ಮೊದಲಿಗೆ ತನ್ನ ಹೆಸರು, ಆಫೀಸು ಹೇಳಿದ್ದು ಬಿಟ್ಟರೆ ವೆಬ್‌ಸೈಟಿನ ಸುದ್ದಿಯನ್ನೇ ಎತ್ತದೆ ಫೋನ್ ಇಟ್ಟಳು.

"ಅಯ್ಯೋ ದೇವ್ರೇ, ಇನ್ನು ನಮ್ಮ ಗತಿ?" ಎಂದೆ.

"ಸೂತಕದ ಮನೇಲಿ ವ್ಯಾಪಾರ ಮಾಡಿ ಆಫೀಸ್ ಉಳಿಸ್ಕಳ್ಳೋದು ನಂಗೆ ಬೇಡ."

ಚೌತಿ ಕಳೆಯಿತು. ಹೇಳಿದಂತೆ ಅಕ್ಕ ಗೋವಾದ ರೈಲು ಹತ್ತಿದಳು. ನಾನು ಸಾಮಾನು ಕಟ್ಟಿ ಬೀಗ ಹಾಕಲು ಉಳಿದೆ. ಆ ಬೀಗ ಇವತ್ತಿಗೂ ಬಿದ್ದಿಲ್ಲ. ಬೀಗ ಹಾಕಬೇಕಾದ ದಿನವೇ ಮಿರ್ಜಾನದ ಆ ಮಗಳು ಮೆಟ್ಟಿಲು ಹತ್ತಿ ಬಂದಳು.

"ಆವತ್ತು ಎಷ್ಟೋ ಜನ ಫೋನ್ ಮಾಡಿ ಸೈಟು, ಸೈಟು ಅಂದ್ರು. ಅಪ್ಪನ ಬಗ್ಗೆ ಕೇಳಿದ್ದು ಆ ಅಕ್ಕ ಒಬ್ರೇ. ನಮ್ಮ ಕೆಲಸ ಅವ್ರಿಗೇ. ಎಲ್ಲಿದ್ದಾರೆ ಅವ್ರು?"

"ಗೋವಾಕ್ಕೆ ಹೋದ್ರು" ಎಂದೆ. ಎದೆ ಉಬ್ಬಿತ್ತು. "ಅವ್ರ ಕೈಕೆಳಗೆ ಕೆಲಸ ಕಲಿತವಳು ನಾನು."

ಅಕ್ಕನ ಕುರ್ಚಿಯನ್ನೇ ಎಳೆದುಕೊಟ್ಟೆ.

"ಕೂತ್ಕಳ್ಳಿ. ಕೆಲಸದ ಮಾತು ಆಮೇಲೆ. ಮೊದ್ಲು ಅಪ್ಪನ ಬಗ್ಗೆ ಹೇಳಿ."